ಗಂಟಿನ ನಡುವಿನ ಪಟ್ಟಿ

೯ ಜನವರಿ

ನಾದಿನಿಗೆ,

ತಲುಪಿದೆ. ಬಸ್ಸಿನಲ್ಲಿ ಹನ್ನೊಂದು ತಾಸು ಕೂತು ಸೊಂಟ ಹಿಡಿದುಕೊಂಡಿದ್ದು ಬಿಟ್ಟರೆ ಬೇರೆ ತೊಂದರೆಯಿಲ್ಲ. ನಿನ್ನ ಅಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಅವರು ನಿನಗೆ ಅರ್ಧ ಹೇಳಿರುತ್ತಾರೆ, ಅರ್ಧ ಮರೆತಿರುತ್ತಾರೆ.

ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಇದು ನಮಗೆ ಪಾಠ ಮಾಡುವ ಮೇಡಂ ಕೊಟ್ಟ ಕೆಲಸ. ಮೊದಲ ದಿನವೇ ಅವರು ಹೇಳಿದರು: “ಹದಿನೈದು ದಿನಕ್ಕೊಂದ್ಸಲ, ಕಲಿತದ್ದನ್ನ ಮನೇಲಿರೋ ಒಬ್ಬರಿಗೆ ಕಾಗದ ಬರೀರಿ. ಅವರಿಗೆ ಅರ್ಥ ಆದ್ರೆ ನಿಮಗೂ ಅರ್ಥ ಆಗಿದೆ ಅಂತ ಲೆಕ್ಕ.” ನಿನ್ನ ಅಣ್ಣನಿಗೆ ಬರೆದರೆ ಮೂರನೇ ಸಾಲಿಗೇ ಗೊರಕೆ ಹೊಡೆಯುತ್ತಾರೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ಮುಟ್ಟಿದವಳು ನೀನೊಬ್ಬಳೇ. ಆದ್ದರಿಂದ ಈ ಆರು ತಿಂಗಳು ನನ್ನ ಪಾಠ ನಿನ್ನ ತಲೆಗೆ.

ಕ್ಲಾಸಿನಲ್ಲಿ ಇಪ್ಪತ್ತೊಂದು ಜನ ಇದ್ದೇವೆ. ಎಲ್ಲರೂ ಯಾವುದೋ ಆಸ್ಪತ್ರೆಯ ಲಾಂಡ್ರಿಯಿಂದಲೋ ಆಪರೇಷನ್ ಥಿಯೇಟರಿನಿಂದಲೋ ಬಂದವರು. ನಲವತ್ತೇಳು ದಾಟಿದವಳು ನಾನೊಬ್ಬಳೇ. ಪಕ್ಕದಲ್ಲಿ ಕೂರುವುದು ಇಪ್ಪತ್ತೆರಡರ ಹುಡುಗಿ. ನನ್ನ ಪೆನ್ಸಿಲು ಕೆತ್ತಿಕೊಟ್ಟು, “ಆಂಟಿ, ಕನ್ನಡಕ ಹಾಕ್ಕೊಳ್ಳಿ” ಎಂದು ನೆನಪಿಸುತ್ತಾಳೆ.

ಮೊದಲ ಪಾಠ ಕೇಳು. ಆಪರೇಷನ್ನಿನ ಬಟ್ಟೆ, ಕತ್ತರಿ, ಚಿಮಟಗಳನ್ನು ಗಂಟು ಕಟ್ಟಿ ತೋರಿಸಿ ಎಂದರು. ಇಪ್ಪತ್ತೆರಡು ವರ್ಷ ನಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆದು ಗಂಟು ಕಟ್ಟಿದ ಕೈ ಇದು. ಹುಡುಗಿಯರು ಬಾಯಿಬಿಟ್ಟು ನೋಡುವ ಹಾಗೆ, ಕಲ್ಲಿನಂತೆ ಗಟ್ಟಿಯಾಗಿ ಕಟ್ಟಿದೆ. ಮೇಡಂ ಅದನ್ನೆತ್ತಿ ಮೇಜಿನ ಮೇಲೆ ಕುಟ್ಟಿದರು. “ಎಷ್ಟು ಚೆನ್ನಾಗಿ ಕಟ್ಟಿದಾರೆ ನೋಡಿ. ಇದರೊಳಗೆ ಧೂಳೂ ಹೋಗಲ್ಲ. ಆವಿನೂ ಹೋಗಲ್ಲ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಹಾಸ್ಟೆಲ್ಲಿನ ಮಂಚದ ಮೇಲೆ ಕೂತಾಗ ನಗು ಬರಲಿಲ್ಲ. ಗಂಟನ್ನು ಯಂತ್ರದಲ್ಲಿ ಬೇಯಿಸುವಾಗ ಕುದಿಯುವ ಆವಿ ಒಳಗೆ ಹೋಗಿ ಪ್ರತಿ ಎಳೆಯನ್ನೂ ಮುಟ್ಟಿದರೆ ಮಾತ್ರ ಕಣ್ಣಿಗೆ ಕಾಣದ ಹುಳ ಸಾಯುತ್ತದೆ. ಅದಕ್ಕೆ ಗಂಟು ಸಡಿಲ ಇರಬೇಕು, ಎರಡು ಗಂಟುಗಳ ನಡುವೆ ಕೈ ತೂರುವಷ್ಟು ಜಾಗ ಬಿಡಬೇಕು.

ಈ ಆರು ತಿಂಗಳು ಲಾಂಡ್ರಿಯಲ್ಲಿ ನನ್ನ ಜಾಗದಲ್ಲಿ ನಿಂತಿದ್ದೀಯ. ಸೋಪಿನ ಪುಡಿಯ ಡಬ್ಬದ ಮುಚ್ಚಳ ಹಾಕು. ಕವರು ಹೊದಿಸಿಟ್ಟ ಹೊಸ ಆವಿ ಯಂತ್ರವನ್ನು, ಅದನ್ನು ನಡೆಸಲು ಕಲಿತು ನಾನು ಬರುವ ತನಕ, ಯಾರೂ ಮುಟ್ಟದ ಹಾಗೆ ನೋಡಿಕೊ.

ಅತ್ತಿಗೆ


೨೧ ಜನವರಿ

ಅತ್ತಿಗೆಗೆ ನಮಸ್ಕಾರ.

ಸೋಪಿನ ಡಬ್ಬದ ಮುಚ್ಚಳ ಹಾಕಿದೆ. ಹೊಸ ಯಂತ್ರ ಮದುಮಗಳ ಹಾಗೆ ಮುಸುಕು ಹೊದ್ದು ಕೂತಿದೆ, ಯಾರೂ ಮುಟ್ಟಿಲ್ಲ. ಅಣ್ಣ ಅಡುಗೆ ಕಲಿಯುತ್ತಿದ್ದಾನೆ. ಮೊದಲ ದಿನ ಉಪ್ಪು ಮರೆತ. ಎರಡನೇ ದಿನ ಮೊದಲ ದಿನದ್ದನ್ನೂ ಸೇರಿಸಿ ಹಾಕಿದ. ಬಸ್ಸಿನಲ್ಲಿ ನೂರು ಜನಕ್ಕೆ ಟಿಕೆಟು ಹರಿಯುವವನಿಗೆ ಇಬ್ಬರ ಅಡುಗೆಯ ಅಳತೆ ಸಿಗುತ್ತಿಲ್ಲ.

ನೀವು ಬರೆದ ಹಾಗೆ ಗಂಟು ಸಡಿಲವಾಗಿ ಕಟ್ಟಿದೆ. ಹಳೆಯ ಯಂತ್ರ ನಡೆಸುವ ಮೀಸೆ ಮಾವ ನೋಡಿದರು. “ಇದೇನಮ್ಮ, ಗಂಟಾ ಇಲ್ಲ ಹಾಸಿಗೆನಾ? ನಿಮ್ಮತ್ತಿಗೆ ಕಟ್ಟಿದ್ರೆ ಎಸೆದ್ರೂ ಬಿಚ್ಚಿಕೊಳ್ತಿರಲಿಲ್ಲ” ಎಂದರು. “ಇದು ಅತ್ತಿಗೆನೇ ಹೇಳಿಕೊಟ್ಟಿದ್ದು” ಎಂದೆ. ನಂಬಲಿಲ್ಲ. ಮೂವತ್ತು ವರ್ಷದಿಂದ ಅವರು ಆ ಯಂತ್ರವನ್ನು ಕಿವಿಯಿಂದಲೇ ನಡೆಸಿದವರು. ಸದ್ದು ಕೇಳಿ, “ಈಗ ಹಣ್ಣಾಯ್ತು” ಎಂದು ಬಾಗಿಲು ತೆಗೆಯುತ್ತಾರೆ.

ಒಂದು ಪ್ರಶ್ನೆ ಇದೆ. ಗಂಟು ಸಡಿಲ ಇದ್ದರೆ ಅದರೊಳಗೆ ಮೊದಲೇ ಗಾಳಿ ತುಂಬಿರುತ್ತದಲ್ಲ? ಗಾಳಿ ಕೂತ ಜಾಗಕ್ಕೆ ಆವಿ ಹೇಗೆ ಹೋಗುತ್ತದೆ? ಎದ್ದು ಜಾಗ ಕೊಡು ಎಂದರೆ ಗಾಳಿ ಕೊಡುತ್ತದೆಯೇ? ಮೇಡಂ ಅವರನ್ನು ಕೇಳಿ ಬರೆಯಿರಿ.

ಬೆಳಗ್ಗೆ ಎಂಟಕ್ಕೆ ಹೋಗುತ್ತೇನೆ, ಸಂಜೆ ಐದಕ್ಕೆ ಬರುತ್ತೇನೆ. ನಮ್ಮ ಯಜಮಾನರು ತೀರಿಹೋದ ಮೇಲೆ ಈ ಮನೆಗೆ ಬಂದು ಎಂಟು ವರ್ಷವಾಯಿತು. ಈಗ ದಿನ ಬೇಗ ಬೇಗ ಹೋಗುತ್ತಿದೆ.

ನಾದಿನಿ


೪ ಫೆಬ್ರವರಿ

ನಾದಿನಿಗೆ,

ನಿನ್ನ ಪ್ರಶ್ನೆಯನ್ನು ಕ್ಲಾಸಿನಲ್ಲಿ ಓದಿದೆ. ಮೇಡಂ ಸೀಮೆಸುಣ್ಣ ಕೆಳಗಿಟ್ಟರು. “ಇದನ್ನ ಕೇಳಿದ್ದು ಯಾರು?” ಎಂದರು. ನನ್ನ ನಾದಿನಿ ಎಂದೆ. “ನೀವ್ಯಾಕೆ ಕೇಳಲಿಲ್ಲ?” ಎಂದರು. ನಾನು ಪೆನ್ಸಿಲು ಎತ್ತಿಕೊಂಡೆ.

ಗಾಳಿ ತಾನಾಗಿ ಏಳುವುದಿಲ್ಲ, ಎಬ್ಬಿಸಬೇಕು. ನಮ್ಮ ಹಳೆಯ ಯಂತ್ರದಂಥದ್ದರಲ್ಲಿ ಆವಿ ಹಗುರವಾಗಿರುವುದರಿಂದ ಮೇಲಿನಿಂದ ತುಂಬುತ್ತಾ ಬರುತ್ತದೆ. ತಣ್ಣಗಿನ ಗಾಳಿ ಭಾರ, ಅದು ಕೆಳಗೆ ಜಾರುತ್ತದೆ. ತಳದಲ್ಲಿ ಬಾಗಿಲಿನ ಹತ್ತಿರ ಒಂದು ತೂತಿದೆ, ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ಹೋಗದೆ ಉಳಿದರೆ ಆ ಕೆಳಗಿನ ಜಾಗ ತಣ್ಣಗಿರುತ್ತದೆ. ಅಲ್ಲಿಟ್ಟ ಗಂಟು ಬೆಂದಂತೆ ಕಾಣುತ್ತದೆ, ಒಳಗೆ ಹಸಿ.

ಕಂಡುಹಿಡಿಯುವುದು ಹೀಗೆ. ಗಂಟಿನ ಹೊರಗೆ ಅಂಟಿಸುವ ಟೇಪಿನ ಗೆರೆಗಳು ಕಪ್ಪಾದರೆ ಗಂಟು ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ ಅರ್ಥ. ಅದು ಊರು ನೋಡಿ ಬಂದವನ ಬಸ್ ಟಿಕೆಟಿನ ಹಾಗೆ. ಏನು ನೋಡಿದ ಎಂದು ಅದು ಹೇಳುವುದಿಲ್ಲ. ಒಳಗಿನ ಮಾತು ಹೇಳುವುದು ಕಾಗದದ ಸಣ್ಣ ಪಟ್ಟಿ. ಒಂದು ಪುಟ್ಟ ಗಂಟಿನ ನಡುಮಧ್ಯೆ ಪಟ್ಟಿ ಇಟ್ಟು, ಅದನ್ನು ತಳದಲ್ಲಿ, ಆ ತೂತಿನ ಹತ್ತಿರ ಇಡಬೇಕು. ಹೊರಗೆ ಬಂದ ಮೇಲೆ ಮೊದಲು ಅದನ್ನೇ ಬಿಚ್ಚಿ ನೋಡಬೇಕು. ಪಟ್ಟಿ ಪೂರ್ತಿ ಕಪ್ಪಾಗಿದ್ದರೆ ಸರಿ. ಮಾಸಲು ಇದ್ದರೆ ಆ ಸರದಿಯ ಒಂದು ಗಂಟನ್ನೂ ಕೊಡಬಾರದು. ಯಾರು ಕೇಳಿದರೂ.

ಪಟ್ಟಿಗಳ ಡಬ್ಬ ನಮ್ಮಲ್ಲೂ ಇರಬೇಕು, ದೊಡ್ಡ ಸಿಸ್ಟರನ್ನು ಕೇಳು.

ಇನ್ನೊಂದು ಮಾತು. ಪ್ರಶ್ನೆ ಕೇಳುವುದು ಒಳ್ಳೆಯದೇ. ಆದರೆ ಇಷ್ಟೆಲ್ಲ ಕೇಳುತ್ತೀಯಲ್ಲ, ಪರೀಕ್ಷೆ ಬರೆಯುವವಳು ನೀನೋ ನಾನೋ? ಆರು ತಿಂಗಳ ಕೆಲಸಕ್ಕೆ ಅರವತ್ತು ವರ್ಷದ ಅನುಭವ ಬೇಡ.

ಅತ್ತಿಗೆ


೧೭ ಫೆಬ್ರವರಿ

ಅತ್ತಿಗೆಗೆ ನಮಸ್ಕಾರ.

ಪಟ್ಟಿಗಳ ಡಬ್ಬ ಸಿಕ್ಕಿತು. ದೊಡ್ಡ ಸಿಸ್ಟರ್ ಅವರ ಬೀರುವಿನಲ್ಲಿ ಹಳೆಯ ಕ್ಯಾಲೆಂಡರುಗಳ ಹಿಂದೆ ಸೀಲು ಒಡೆಯದೆ ಕೂತಿತ್ತು. “ಮೂರು ಡಬ್ಬ ಕಳಿಸಿದಾರೆ, ಏನಕ್ಕೆ ಅಂತ ಯಾರೂ ಹೇಳಿರಲಿಲ್ಲ” ಎಂದರು.

ದಿನಾ ಒಂದು ಪುಟ್ಟ ಗಂಟು ಇಡುತ್ತಿದ್ದೇನೆ. ಮೀಸೆ ಮಾವ ತಳದಲ್ಲಿ ಇಡಲು ಬಿಡುವುದಿಲ್ಲ. “ಕೆಳಗೆ ಟ್ರೇ ಇಡೋ ಜಾಗ ಅದು, ನಿನ್ನ ಆಟದ ಗಂಟು ಮೇಲಿರಲಿ” ಎಂದು ಮೇಲಿನ ತಟ್ಟೆಯ ಮೇಲಿಡುತ್ತಾರೆ. ಪಟ್ಟಿ ಕಪ್ಪಾಗಿಯೇ ಬರುತ್ತಿದೆ. ಹಿರಿಯರ ಜೊತೆ ವಾದ ಯಾಕೆ ಎಂದು ಸುಮ್ಮನಿದ್ದೇನೆ.

ಆಫೀಸಿನ ಸಾಹೇಬರು ಲಾಂಡ್ರಿಗೆ ಬಂದಿದ್ದರು. ಏನೋ ಕೇಳಿದರು, ನಾನೂ ಏನೋ ಹೇಳಿದೆ.

ಪರೀಕ್ಷೆ ಬರೆಯುವವರು ನೀವೇ. ಇನ್ನು ಪ್ರಶ್ನೆ ಕೇಳುವುದಿಲ್ಲ.

ನಾದಿನಿ


೨ ಮಾರ್ಚ್

ನಾದಿನಿಗೆ,

ಪಾಠ ಹೆಚ್ಚಾಗಿದೆ, ಕಾಗದ ಬರೆಯಲು ಪುರುಸೊತ್ತಿಲ್ಲ. ಸಾಹೇಬರು ಏನೋ ಕೇಳಿದರಂತೆ, ನೀನು ಏನೋ ಹೇಳಿದೆಯಂತೆ. ಏನು ಎಂದು ಬರೆಯುವಷ್ಟು ಶಾಯಿ ನಿನ್ನ ಪೆನ್ನಿನಲ್ಲಿ ಇರಲಿಲ್ಲವೇನೋ.

ಅತ್ತಿಗೆ


೧೫ ಮಾರ್ಚ್

ಅತ್ತಿಗೆಗೆ,

ಇಲ್ಲಿ ಎಲ್ಲ ಮಾಮೂಲು. ನಿಮಗೆ ಪುರುಸೊತ್ತಿಲ್ಲವೆಂದು ಅಣ್ಣನೂ ಹೇಳಿದ. ಫೋನಿನಲ್ಲಿ ನಾಲ್ಕು ಮಾತಾಡಿ ಇಟ್ಟುಬಿಡುತ್ತೀರಂತೆ. ಚೆನ್ನಾಗಿ ಕಲಿತವರನ್ನು ಅಲ್ಲಿಯ ದೊಡ್ಡ ಆಸ್ಪತ್ರೆ ಅಲ್ಲೇ ಇಟ್ಟುಕೊಳ್ಳುತ್ತದೆ ಎಂದು ನರ್ಸುಗಳು ಮಾತಾಡಿಕೊಳ್ಳುತ್ತಾರೆ. ಒಳ್ಳೆಯದೇ ಆಯಿತು. ಅಲ್ಲೇ ಉಳಿಯುವುದಾದರೆ ಮೊದಲು ಅಣ್ಣನಿಗೆ ಹೇಳಿ, ನನಗೆ ಹೇಳದಿದ್ದರೂ ನಡೆಯುತ್ತದೆ.

ಪಾಠದ ಕಾಗದ ಬಾರದೆ ಒಂದು ತಿಂಗಳ ಮೇಲಾಯಿತು.

ನಾದಿನಿ


೪ ಏಪ್ರಿಲ್

ಅತ್ತಿಗೆಗೆ,

ಹಿಂದಿನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಬೇರೆ ಯಾರಿಗೆ ಹೇಳಿದರೂ ಪೂರ್ತಿ ಅರ್ಥವಾಗುವುದಿಲ್ಲ.

ಮೊನ್ನೆ ಮೀಸೆ ಮಾವ ಹಲ್ಲು ಕೀಳಿಸಿಕೊಳ್ಳಲು ಬೆಳಗ್ಗೆ ಒಂದು ತಾಸು ಹೊರಗೆ ಹೋಗಿದ್ದರು. ಯಂತ್ರವನ್ನು ನಾನೇ ತುಂಬಿಸಿದೆ. ನೀವು ಬರೆದಂತೆ ಪುಟ್ಟ ಗಂಟನ್ನು ತಳದಲ್ಲಿ, ತೂತಿನ ಪಕ್ಕ ಇಟ್ಟೆ. ಅವರು ಕೆನ್ನೆ ಊದಿಸಿಕೊಂಡು ಬಂದು ಗುಂಡಿ ತಿರುಗಿಸಿದರು. ಹೊರಗೆ ತೆಗೆದಾಗ ಟೇಪುಗಳೆಲ್ಲ ಕಪ್ಪಾಗಿದ್ದವು. ನನ್ನ ಪುಟ್ಟ ಗಂಟು ಬಿಚ್ಚಿದೆ. ಪಟ್ಟಿ ಮಾಸಲು. ಇಟ್ಟಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು.

ಅಷ್ಟರಲ್ಲಿ ಗಂಟುಗಳನ್ನು ಕೊಂಡೊಯ್ಯಲು ಥಿಯೇಟರಿನಿಂದ ಜನ ಬಂದರು. ಶಾಲೆಯ ಮೇಷ್ಟ್ರೊಬ್ಬರಿಗೆ ಹರ್ನಿಯಾ ಆಪರೇಷನ್ ಇತ್ತು. ನಾನು ಗಂಟುಗಳ ಗಾಡಿಯನ್ನು ಗೋಡೆಗೆ ಸೇರಿಸಿ ಅದರ ಮುಂದೆ ನಿಂತೆ. ಕೊಡುವುದಿಲ್ಲ ಎಂದೆ. ಅವರು ಹೋದರು, ಸರ್ಜನ್ ಡಾಕ್ಟರೇ ಬಂದರು.

“ಗಂಟು ಯಾಕೆ ಕೊಡ್ತಿಲ್ಲ?”

“ಆವಿ ಒಳಗೆ ಹೋಗಿಲ್ಲ ಡಾಕ್ಟ್ರೇ.”

“ಟೇಪು ಕಪ್ಪಾಗಿದೆಯಲ್ಲ.”

“ಅದು ಹೊರಗಿಂದು. ಒಳಗಿನ ಪಟ್ಟಿ ನೋಡಿ.”

“ಇದನ್ನೆಲ್ಲ ನಿಮಗೆ ಹೇಳಿದ್ದು ಯಾರು? ಟ್ರೈನಿಂಗ್ ಆಗಿದೆಯಾ?”

“ಇಲ್ಲ. ನಮ್ಮತ್ತಿಗೆ ಕಾಗದ ಬರೀತಾರೆ.”

ಹಿಂದೆ ನಿಂತವರು ಯಾರೋ ನಕ್ಕರು. ನಾನು ಗಾಡಿಯ ಹಿಡಿ ಬಿಡಲಿಲ್ಲ. “ರೋಗಿ ಕಾಯ್ತಿದಾರೆ, ದಾರಿ ಬಿಡಿ” ಎಂದರು ಡಾಕ್ಟರು. “ನನ್ನ ಕೆಲಸದಿಂದ ತೆಗೀರಿ ಬೇಕಾದ್ರೆ. ಈ ಗಂಟು ಮಾತ್ರ ಆಗಲ್ಲ” ಎಂದೆ. ಹಾಗೆಂದದ್ದು ನಾನೇನಾ ಎಂದು ನನಗೇ ಆಶ್ಚರ್ಯ.

ದೊಡ್ಡ ಸಿಸ್ಟರ್ ನಗಲಿಲ್ಲ. ಪಟ್ಟಿಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಳಗೆ ಹೋಗಿ ವಾರ್ಡಿನ ದಪ್ಪ ಪುಸ್ತಕ ತಂದು ಡಾಕ್ಟರ ಮುಂದೆ ಬಿಚ್ಚಿದರು. “ಎರಡು ತಿಂಗಳಲ್ಲಿ ನಾಲ್ಕು ಜನಕ್ಕೆ ಹೊಲಿಗೆ ಕೀವಾಗಿದೆ ಸಾರ್. ನಾವು ರೋಗಿಗಳದ್ದೇ ತಪ್ಪು ಅಂದ್ಕೊಂಡ್ವಿ, ಮನೆಗೆ ಹೋಗಿ ನೀರು ತಾಗಿಸಿಕೊಂಡ್ರು ಅಂತ.” ಡಾಕ್ಟರು ಆ ನಾಲ್ಕು ಹೆಸರುಗಳನ್ನು ಓದಿದರು. “ರೋಗಿ ಕಾಯಲಿ” ಎಂದು ಹೇಳಿ ಹೋದರು.

ನೀವು ಬರೆದಿದ್ದಿರಿ, ಗಾಳಿ ಕೆಳಗಿನ ತೂತಿನಿಂದ ಹೋಗಬೇಕು ಎಂದು. ಹೋಗಿಲ್ಲವೆಂದರೆ ತೂತಿನಲ್ಲೇ ಏನೋ ಇರಬೇಕು ಎಂದು ಮೀಸೆ ಮಾವನಿಗೆ ಹೇಳಿದೆ. ಅವರು ಯಂತ್ರ ತಣ್ಣಗಾಗಲು ಬಿಟ್ಟು, ಮಂಡಿಯೂರಿ ಕೈ ಹಾಕಿದರು. ತೂತಿನ ಮೇಲಿದ್ದ ಜಾಲರಿ ಎದ್ದು ಬಂತು. ಅದಕ್ಕೆ ಬಟ್ಟೆಯ ನೂಲಿನ ಜುಂಗು ಬೆರಳು ದಪ್ಪ ಮೆತ್ತಿಕೊಂಡಿತ್ತು. ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೇ ಕೂತುಬಿಟ್ಟರು. “ಮೂವತ್ತು ವರ್ಷ ಇದರ ಬಾಯಿ ಒರೆಸಿದೆ. ಗಂಟಲು ನೋಡಲೇ ಇಲ್ಲ” ಎಂದರು. ನಾನೂ ಪಕ್ಕದಲ್ಲಿ ಕೂತೆ. ಒಗೆದು ಕೊಡುವವಳು ನಾನು, ಆ ಜುಂಗು ನನ್ನ ಬಟ್ಟೆಯದೇ ಅಲ್ಲವೇ?

ಜಾಲರಿ ತೊಳೆದು, ಹೊಸದಾಗಿ ಗಂಟು ಕಟ್ಟಿ, ಮತ್ತೆ ಯಂತ್ರ ಹಾಕಿದೆವು. ಈ ಸಲ ಪುಟ್ಟ ಗಂಟನ್ನು ತಳದಲ್ಲಿ ಇಟ್ಟವರು ಮಾವನೇ. ಪಟ್ಟಿ ಇದ್ದಿಲಿನಷ್ಟು ಕಪ್ಪಾಗಿ ಬಂತು. ಆಪರೇಷನ್ ಮೂರು ತಾಸು ತಡವಾಯಿತು. ಮೇಷ್ಟ್ರು ಈಗ ಎದ್ದು ಓಡಾಡುತ್ತಿದ್ದಾರೆ.

ಸಂಜೆ ಡಾಕ್ಟರು ಲಾಂಡ್ರಿಯ ಬಾಗಿಲಿಗೆ ಬಂದರು. “ಆ ಕಾಗದ ಒಂದ್ಸಲ ನೋಡಬಹುದಾ?” ಎಂದರು. ನಿಮ್ಮ ಫೆಬ್ರವರಿಯ ಕಾಗದ ಕೊಟ್ಟೆ. ನನ್ನನ್ನು ಬೈದ ಕೊನೆಯ ಸಾಲುಗಳನ್ನು ಮಾತ್ರ ಒಳಗೆ ಮಡಿಚಿದ್ದೆ.

ನಾದಿನಿ


೧೧ ಏಪ್ರಿಲ್

ನಾದಿನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೇಡಂ ಕೈಗೆ ಕೊಟ್ಟೆ. ಅವರು ಕ್ಲಾಸಿನಲ್ಲಿ ಎದ್ದುನಿಂತು ಮೊದಲಿನಿಂದ ಕೊನೆಯ ತನಕ ಓದಿದರು. ಮಡಿಚಿದ ಸಾಲುಗಳ ವಿಷಯ ಬಂದಾಗ ಇಪ್ಪತ್ತು ಜನವೂ ತಿರುಗಿ ನನ್ನ ಮುಖ ನೋಡಿದರು. ಆಗಲಿ, ನನಗೆ ಆಗಬೇಕಾದ್ದೇ.

ಈಗ ನನ್ನ ಗಂಟು ಬಿಚ್ಚುತ್ತೇನೆ. ಫೆಬ್ರವರಿ ಕೊನೆಗೆ ಒಂದು ಪರೀಕ್ಷೆ ಇತ್ತು. ನನಗೆ ನೂರಕ್ಕೆ ಇಪ್ಪತ್ತೆಂಟು ಬಂತು. ಪಕ್ಕದ ಹುಡುಗಿಗೆ ಎಂಬತ್ತೊಂದು. ಹೊಸ ಯಂತ್ರ ಪ್ರತಿ ಸರದಿಗೂ ಒಂದು ಚೀಟಿ ಅಚ್ಚು ಹಾಕಿ ಉಗುಳುತ್ತದೆ. ಅದರ ಮೇಲೊಂದು ಗೆರೆ, ಪಕ್ಕದಲ್ಲಿ ಬಿಸಿಯ ಅಂಕಿ, ಕೆಳಗೆ ನಿಮಿಷ. ಅದನ್ನು ಓದಿ ಸರಿಯೋ ತಪ್ಪೋ ಹೇಳಬೇಕು. ಐದು ಚೀಟಿ ಕೊಟ್ಟಿದ್ದರು, ಐದೂ ತಪ್ಪಿದೆ. ಆ ದಿನದಿಂದ ನಾನು ಪಾಠದ ಕಾಗದ ಬರೆಯಲಿಲ್ಲ. ನನಗೇ ಅರ್ಥವಾಗದ್ದನ್ನು ನಿನಗೇನು ಬರೆಯಲಿ? ಮಾರ್ಚ್ ಹತ್ತಕ್ಕೆ ಪೆಟ್ಟಿಗೆಯನ್ನೂ ಕಟ್ಟಿದ್ದೆ. ಮೇಡಂ ಬಂದು ಪೆಟ್ಟಿಗೆಯ ಮೇಲೇ ಕೂತರು. “ನಿಮ್ಮ ಕೈಗೆ ಗೊತ್ತು, ಕಾಗದಕ್ಕೆ ಇನ್ನೂ ಗೊತ್ತಿಲ್ಲ ಅಷ್ಟೇ. ಜೂನಿನಲ್ಲಿ ಮತ್ತೆ ಕೂತ್ಕೊಳ್ಳಿ” ಎಂದರು. ನಿನ್ನ ಅಣ್ಣನಿಗೂ ಇದನ್ನು ಹೇಳಿಲ್ಲ. ದೊಡ್ಡ ಆಸ್ಪತ್ರೆಯವರು ನನ್ನನ್ನು ಇಟ್ಟುಕೊಳ್ಳುತ್ತಾರಂತೆ! ಇಪ್ಪತ್ತೆಂಟು ಮಾರ್ಕಿನವಳನ್ನು ಇಟ್ಟುಕೊಂಡು ಅವರೇನು ಆರತಿ ಎತ್ತುತ್ತಾರೆಯೇ?

ಇನ್ನೊಂದು ಇದೆ. ಸಾಹೇಬರು ಏನೋ ಕೇಳಿದರು ಎಂದು ನೀನು ಬರೆದಾಗಿನಿಂದ ನನಗೆ ಅದೇ ಚಿಂತೆ. ನಾದಿನಿಯನ್ನು ಕೂರಿಸಿ ಬಂದ ಜಾಗ ನಾನು ವಾಪಸು ಹೋದಾಗ ನನ್ನದಾಗಿ ಇರುತ್ತದೋ ಇಲ್ಲವೋ ಎಂದು ಯೋಚಿಸಿದೆ. ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ.

ಅದಕ್ಕೇ ನೇರವಾಗಿ ಕೇಳುತ್ತೇನೆ. ಆ ಕೆಲಸ ನಿನಗೆ ಬೇಕೋ ಬೇಡವೋ? ಎರಡರಲ್ಲಿ ಒಂದು ಬರೆ. ‘ಏನೋ’ ಎಂದು ಬರೆದರೆ ಕಾಗದ ಹರಿದು ಹಾಕುತ್ತೇನೆ.

ಅತ್ತಿಗೆ


೧೯ ಏಪ್ರಿಲ್

ಅತ್ತಿಗೆ,

ಬೇಕು.

ಸಾಹೇಬರು ಕೇಳಿದ್ದು ಇದು: “ಹೊಸ ಯಂತ್ರ ಶುರು ಆದ್ಮೇಲೆ ಲಾಂಡ್ರಿಗೂ ಅದಕ್ಕೂ ಸೇರಿ ಒಬ್ಬರೇ ಸಾಕು. ನಿಮ್ಮತ್ತಿಗೆ ಪಾಸಾಗಲಿಲ್ಲ ಅಂದ್ರೆ ಆ ಒಬ್ಬರು ನೀವು. ಅವರಿಗೂ ವಯಸ್ಸಾಯ್ತು. ಆಗಬಹುದಾ?” ನಾನು “ಆಗಲಿ ಸಾರ್” ಎಂದೆ. ನಿಮ್ಮ ಅನ್ನ ಉಂಡವಳು ಹಾಗೆ ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ, ಯೋಚಿಸಿಯೇ ಹೇಳಿದೆ. ಎಂಟು ವರ್ಷ ಅಣ್ಣನ ಮನೆಯಲ್ಲಿ ಕೂತು ಯಾರ್ಯಾರದೋ ಬಟ್ಟೆ ಹೊಲಿದೆ. ನೀವು ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ, ಆದರೂ ತಟ್ಟೆಯ ಮುಂದೆ ಕೂತಾಗೆಲ್ಲ ನನಗೆ ನಾನೇ ಚುಚ್ಚಿಕೊಳ್ಳುತ್ತಿದ್ದೆ. ಈಗ ಬೆಳಗ್ಗೆ ಎದ್ದರೆ ನನಗಾಗಿ ಕಾಯುವ ಒಂದು ಬಾಗಿಲಿದೆ. ಅದನ್ನು ಬಿಡಲು ಮನಸ್ಸಿಲ್ಲ.

ನಿನ್ನೆ ಸಾಹೇಬರ ಹತ್ತಿರ ನಾನೇ ಹೋದೆ. “ಅವತ್ತು ಆಗಲಿ ಅಂದಿದ್ದೆ, ಅದು ತಪ್ಪು. ಅತ್ತಿಗೆ ಪಾಸಾಗ್ತಾರೆ. ಪಾಸಾದ್ಮೇಲೂ ನಾನು ಹೋಗಲ್ಲ. ಇಬ್ಬರಿಗೂ ಕೆಲಸ ಇದೆಯಾ ಇಲ್ವಾ ನೀವೇ ನೋಡಿ” ಎಂದೆ. ಅವರು ಪೆನ್ನು ಕಚ್ಚಿಕೊಂಡು ಕೂತರು.

ಈಗ ಚೀಟಿಯ ವಿಷಯ. ಇಂಥ ಗೆರೆ ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಓದಿದ್ದೆ, ಉಳಿದದ್ದನ್ನು ಹೊಸ ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಂಡೆ. ನೀವು ಫೇಲಾದರೆ ನನಗೆ ಲಾಭ, ಅದು ನಿಮಗೂ ಗೊತ್ತು. ಆದರೂ ನಾನು ಹೇಳಿಕೊಡುವುದನ್ನು ಕಣ್ಣಿಟ್ಟು ಓದಿ.

ಗೆರೆಯನ್ನು ರಸ್ತೆ ಎಂದುಕೊಳ್ಳಿ. ಮೊದಲು ಏರು, ಆಮೇಲೆ ಬಯಲು, ಕೊನೆಗೆ ಇಳಿಜಾರು. ನೀವು ತಪ್ಪಿದ್ದು ಎಲ್ಲಿ ಎಂದು ಊಹಿಸುತ್ತೇನೆ: ಯಂತ್ರ ಹಾಕಿದ ಗಳಿಗೆಯಿಂದ ನಿಮಿಷ ಎಣಿಸಿದ್ದೀರಿ. ಏರಿನ ನಿಮಿಷ ಲೆಕ್ಕಕ್ಕಿಲ್ಲ. ನೀರು ಒಲೆಯ ಮೇಲಿಟ್ಟ ಕೂಡಲೇ ಕುದಿಯಿತು ಎನ್ನುತ್ತೇವೆಯೇ? ಬಯಲು ಎಲ್ಲಿ ಶುರುವಾಗುತ್ತದೋ ಅಲ್ಲಿ ಬೆರಳಿಡಿ. ಎಲ್ಲಿ ಮುಗಿಯುತ್ತದೋ ಅಲ್ಲಿ ಇನ್ನೊಂದು ಬೆರಳು. ಎರಡು ಬೆರಳಿನ ನಡುವಿನ ನಿಮಿಷ ಮಾತ್ರ ಎಣಿಸಿ. ಆಮೇಲೆ ಬಯಲಿನಿಂದ ಪಕ್ಕಕ್ಕೆ ನೇರವಾಗಿ ಹೋಗಿ ಬಿಸಿ ಎಷ್ಟು ಎಂದು ಓದಿ. ಬಿಸಿ ಸಾಕಷ್ಟಿರಬೇಕು, ನಿಮಿಷವೂ ಸಾಕಷ್ಟಿರಬೇಕು. ಬಯಲಿನ ಮಧ್ಯೆ ಒಂದು ಕಡೆ ಹಳ್ಳ ಬಿದ್ದಿದ್ದರೂ ಗಂಟು ವಾಪಸು.

ಕೆಳಗೆ ನಾಲ್ಕು ಗೆರೆ ಬರೆದಿದ್ದೇನೆ. ಎರಡು ಸರಿ, ಎರಡು ತಪ್ಪು. ಯಾವುದು ಎಂದು ಬರೆದು ಕಳಿಸಿ.

ನಾದಿನಿ


೬ ಮೇ

ನಾದಿನಿಗೆ,

ಮೊದಲನೆಯದು, ನಾಲ್ಕನೆಯದು ಸರಿ. ಎರಡನೆಯದಕ್ಕೆ ನಿಮಿಷ ಸಾಲದು. ಮೂರನೆಯದಕ್ಕೆ ಹಳ್ಳ ಬಿದ್ದಿದೆ. ಮೇಡಂ ಹತ್ತಿರ ಹಳೆಯ ಚೀಟಿಗಳನ್ನು ಬೇಡಿ ತಂದು ಐವತ್ತು ಓದಿದೆ. ನಲವತ್ತೇಳು ಸರಿ. ಉಳಿದ ಮೂರರಲ್ಲಿ ಒಂದು ಚೀಟಿಯದೇ ತಪ್ಪು ಎಂದು ವಾದ ಮಾಡಿದೆ. ಮೇಡಂ ಕನ್ನಡಕ ಏರಿಸಿ ನೋಡಿ, ಹೌದು ಎಂದರು.

ಪಕ್ಕದ ಹುಡುಗಿ ಈಗ ನನ್ನನ್ನು ಕೇಳುತ್ತಾಳೆ, “ಆಂಟಿ, ಇಲ್ಲಿ ಬಯಲು ಎಲ್ಲಿಂದ?” ಎಂದು.

ನೀನು ಬೇಕು ಎಂದು ಬರೆದದ್ದು ಓದಿ ಕೋಪ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಸಾಹೇಬರಿಗೆ ಆಗಲಿ ಎಂದದ್ದನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ನಿನ್ನ ಜಾಗದಲ್ಲಿದ್ದರೆ ನಾನೂ ಆಗಲಿ ಎನ್ನುತ್ತಿದ್ದೆ. ಇನ್ನೂ ಬೇಗ ಅನ್ನುತ್ತಿದ್ದೆ.

ಅತ್ತಿಗೆ


೨೭ ಜೂನ್

ನಾದಿನಿಗೆ,

ಎಪ್ಪತ್ತಾರು. ಚೀಟಿಗಳಲ್ಲಿ ಐದಕ್ಕೆ ಐದು. ಕೈಕೆಲಸದ ಪರೀಕ್ಷೆಯಲ್ಲಿ ನಾನೇ ಮೊದಲು. ಗಂಟು ಕಟ್ಟಿದಾಗ ಮೇಡಂ ಎತ್ತಿ ಒತ್ತಿ ನೋಡಿದರು, ಏನೂ ಹೇಳಲಿಲ್ಲ, ಪಕ್ಕಕ್ಕಿಟ್ಟರು. ಅವರು ಏನೂ ಹೇಳದಿರುವುದು ಎಂದರೆ ಏನು ಎಂದು ಆರು ತಿಂಗಳಲ್ಲಿ ತಿಳಿದುಕೊಂಡಿದ್ದೇನೆ.

ನಿನ್ನ ಅಣ್ಣನಿಗೆ ಇಪ್ಪತ್ತೆಂಟರ ಕಥೆಯನ್ನೂ ಎಪ್ಪತ್ತಾರರ ಕಥೆಯನ್ನೂ ಒಟ್ಟಿಗೇ ಹೇಳಿದೆ. “ಮೊದಲನೇದು ಆಗಲೇ ಹೇಳಿದ್ರೆ ಏನಾಗ್ತಿತ್ತು?” ಎಂದರು. ನೀವು ಸಮಾಧಾನ ಮಾಡುತ್ತಿದ್ದಿರಿ, ನಾನು ಮನೆಗೆ ಬಂದುಬಿಡುತ್ತಿದ್ದೆ ಎಂದೆ.

ಇನ್ನು ನಮ್ಮಿಬ್ಬರ ವಿಷಯ. ಸಾಹೇಬರು ಒಬ್ಬರೇ ಸಾಕು ಎಂದದ್ದನ್ನು ಮೇಡಂಗೆ ಹೇಳಿದ್ದೆ. ಅವರಿಗೆ ನಿಜಕ್ಕೂ ಸಿಟ್ಟು ಬಂದದ್ದನ್ನು ಆವತ್ತೇ ನಾನು ಮೊದಲು ನೋಡಿದ್ದು. “ರಕ್ತ ಮೆತ್ತಿದ ಕತ್ತರಿ ತೊಳೆದ ಕೈ ಅದೇ ದಿನ ಶುದ್ಧ ಮಾಡಿದ ಗಂಟು ಮುಟ್ಟೋ ಹಾಗಿಲ್ಲ. ಇದು ನಿಯಮ, ನನ್ನ ಅಭಿಪ್ರಾಯ ಅಲ್ಲ” ಎಂದು ಅಲ್ಲೇ ಕೂತು ನಮ್ಮ ಆಸ್ಪತ್ರೆಗೆ ಕಾಗದ ಬರೆದರು. ಕೊಳೆಯ ಕಡೆ ಒಬ್ಬರು, ಶುಚಿಯ ಕಡೆ ಒಬ್ಬರು, ಒಟ್ಟು ಇಬ್ಬರು ಇ​ಲ್ಲದೆ ಯಂತ್ರ ಚಾಲೂ ಮಾಡಬಾರದು ಎಂದು. ಜೊತೆಗೆ ನಿನ್ನ ಏಪ್ರಿಲ್ ಕಾಗದದ ನಕಲನ್ನೂ ಇಟ್ಟರು. ನಿನ್ನನ್ನು ಕೇಳದೆ ಕೊಟ್ಟೆ, ಬೈಯುವುದಿದ್ದರೆ ಬೈಯಿ. ನಿನ್ನೆ ಸಾಹೇಬರ ಉತ್ತರ ಬಂತು. ಇಬ್ಬರಿಗೂ ಒಪ್ಪಿದ್ದಾರೆ. ನಾನು ಈಗಿನಿಂದ. ನೀನು ಬರುವ ಜನವರಿಯ ತಂಡದಲ್ಲಿ ಇಲ್ಲಿಗೆ ಬಂದು ಕಲಿತು ಹೋದ ಮೇಲೆ ಖಾಯಂ, ಅಲ್ಲಿಯ ತನಕ ನನ್ನ ಕೈಕೆಳಗೆ. ಸರ್ಜನ್ ಡಾಕ್ಟರೂ ಅದರ ಕೆಳಗೆ ಎರಡು ಸಾಲು ಬರೆದಿದ್ದಾರಂತೆ. ಏನೆಂದು ಮೇಡಂ ಹೇಳಲಿಲ್ಲ, ನಗುತ್ತಿದ್ದರು.

ಯಾವ ಕಡೆ ಯಾರು ಎಂದು ಹಿರಿಯಳಾದ ನಾನೇ ಆರಿಸಬೇಕಂತೆ. ಆರಿಸಿದ್ದೇನೆ. ಕೊಳೆಯ ಕಡೆ ನಾನು. ರಕ್ತ ಕಂಡರೆ ನಿನಗೆ ತಲೆ ತಿರುಗುತ್ತದೆ, ನನಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಮನೆಯ ಹಿರಿಯಳು ಕೊಳೆಯ ಕಡೆ ನಿಂತರೆ ಜನ ಏನಂದುಕೊಳ್ಳುತ್ತಾರೋ ಎಂದು ನೀನು ಶುರುಮಾಡಬೇಡ. ಅವರು ಬಂದು ತೊಳೆಯುತ್ತಾರೆಯೇ?

ಶುಚಿಯ ಕಡೆ ನೀನು. ಅಲ್ಲಿ ನಿಂತವರು ಪಟ್ಟಿ ನೋಡಬೇಕು, ಚೀಟಿ ಓದಬೇಕು, ಆಮೇಲೆ ಪ್ರತಿ ಗಂಟಿನ ಮೇಲೆ ತಾರೀಕು ಬರೆದು ಸಹಿ ಹಾಕಬೇಕು. ಆ ಸಹಿ ಇಲ್ಲದ ಗಂಟನ್ನು ಥಿಯೇಟರಿನಲ್ಲಿ ಯಾರೂ ಬಿಚ್ಚುವ ಹಾಗಿಲ್ಲ. ನೀನು ಕಲಿತು ಬರುವ ತನಕ ನಿನ್ನ ಸಹಿಯ ಕೆಳಗೆ ನನ್ನದೂ ಇರುತ್ತದೆ. ಆಮೇಲೆ ನಿನ್ನದೊಂದೇ.

ಭಾನುವಾರ ಬೆಳಗ್ಗೆ ಬಂದು ಇಳಿಯುತ್ತೇನೆ. ಅಷ್ಟರೊಳಗೆ ಸಹಿ ಅಭ್ಯಾಸ ಮಾಡಿಕೊ. ನಿನ್ನ ಹೆಸರು ಪೂರ್ತಿ ಬರೆ, ಓದಿದವರಿಗೆ ತಿಳಿಯುವ ಹಾಗೆ.

ಅತ್ತಿಗೆ